ಸರ್ಕಾರಿ ಲ್ಯಾಬ್ ಸೇರುವ ಮುನ್ನ

ಪಿಎಚ್‌ಡಿ ಮುಗಿಸಿ ಸರ್ಕಾರಿ ಸಂಶೋಧನಾಲಯ ಸೇರಿದರೆ ಪ್ರಯೋಗಕ್ಕಿಂತ ಕಾಗದಪತ್ರವೇ ಜಾಸ್ತಿಯಾಗುತ್ತದೆಯೇ ಅಂತ ಕೇಳಿದ್ದೀರಿ. ಕಾಗದಪತ್ರ ಇದ್ದೇ ಇರುತ್ತದೆ. ಒಂದು ವ್ಯಾಕ್ಯೂಮ್ ಪಂಪ್ ಕೆಟ್ಟಿತು ಅಂದುಕೊಳ್ಳಿ. ಕೊಟೇಶನ್ ತರಿಸಬೇಕು, ಖರೀದಿ ಸಮಿತಿ ಒಪ್ಪಬೇಕು, ಲೆಕ್ಕಪತ್ರ ವಿಭಾಗದ ಸಹಿ ಬೀಳಬೇಕು. ಅಷ್ಟರಲ್ಲಿ ಆರ್ಥಿಕ ವರ್ಷ ಮುಗಿದರೆ ಉಳಿದ ಹಣ ವಾಪಸ್, ಮತ್ತೆ ಮೊದಲಿನಿಂದ ಶುರು. ಪ್ರಯೋಗ ಮಾತ್ರ ಅಲ್ಲೇ ನಿಂತಿರುತ್ತದೆ. ನನಗೆ ತೀರಾ ಬೇಸರ ತರಿಸುವುದು ಇದೇ. ಗುತ್ತಿಗೆ ಮೇಲಿರುವ ಕಿರಿಯರು ಅವಧಿ ಮುಗಿದು ಹೊರಟಾಗ ಅವರು ಕಲಿತದ್ದೂ ಅವರ ಜೊತೆಗೇ ಹೋಗುತ್ತದೆ, ಅದೂ ನೋವೇ.

ಆದರೂ ನಾನು ಬಿಟ್ಟು ಹೋಗಿಲ್ಲ. ಮೂರು ತಿಂಗಳಲ್ಲಿ ಲಾಭ ತೋರಿಸು ಅಂತ ಇಲ್ಲಿ ಯಾರೂ ಬೆನ್ನು ಹತ್ತುವುದಿಲ್ಲ. ಅಮೆರಿಕದ ಲೈಗೊ ವೀಕ್ಷಣಾಲಯ ನೋಡಿ, ಗುರುತ್ವ ಅಲೆಗಳನ್ನು, ಅಂದರೆ ಬಾಹ್ಯಾಕಾಶದಿಂದ ಬರುವ ಅತಿ ಸಣ್ಣ ಕಂಪನಗಳನ್ನು ಹಿಡಿಯಲು ಸರ್ಕಾರಿ ಅನುದಾನದಲ್ಲೇ ಕಟ್ಟಿದ್ದು. 2002ರಿಂದ 2010ರವರೆಗಿನ ಮೊದಲ ಹಂತದಲ್ಲಿ ಒಂದೇ ಒಂದು ಗುರುತ್ವ ಅಲೆಯೂ ಸಿಗಲಿಲ್ಲ. ಉಪಕರಣ ಸುಧಾರಿಸಿದ ಮೇಲೆ 2015ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿತು. ಅಷ್ಟು ವರ್ಷ ಕಾಯುವ ಕಂಪನಿ ನನಗಂತೂ ಕಂಡಿಲ್ಲ.

ಸಂದರ್ಶನಕ್ಕೆ ಹೋದಾಗ, ಉಪಕರಣ ಕೆಟ್ಟರೆ ರಿಪೇರಿಗೆ ಎಷ್ಟು ದಿನ ಹಿಡಿಯುತ್ತದೆ, ಹೊಸಬರ ಸ್ವಂತ ಯೋಜನೆಗೆ ಹಣ ಸಿಗುತ್ತದೆಯೇ ಅಂತ ತಪ್ಪದೆ ಕೇಳಿ. ನಿರ್ದೇಶಕರನ್ನಲ್ಲ, ಅಲ್ಲಿನ ತಂತ್ರಜ್ಞರನ್ನು ಕೇಳಿ.