‘ಅರ್ಹರೇ ಉಳಿಯುತ್ತಾರೆ’ ಅನ್ನುವುದು ಬರೀ ಸುತ್ತುಮಾತೇ?

ನಿಮ್ಮ ಪ್ರಶ್ನೆ ಇದು: ‘ಯಾರು ಉಳಿಯುತ್ತಾರೆ? ಅರ್ಹರು. ಅರ್ಹರು ಯಾರು? ಉಳಿದವರು. ಹಾಗಾದರೆ ನೈಸರ್ಗಿಕ ಆಯ್ಕೆ ವಿವರಿಸಿದ್ದಾದರೂ ಏನನ್ನು?’

ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಹಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಇದನ್ನೇ ಕೇಳಿದ್ದಳು. ಅವತ್ತು ಪುಸ್ತಕದಲ್ಲಿದ್ದ ವ್ಯಾಖ್ಯೆಯನ್ನೇ ಇನ್ನೊಮ್ಮೆ ಓದಿ ಮುಂದಿನ ಪಾಠಕ್ಕೆ ಹೋಗಿಬಿಟ್ಟೆ. ಅವಳಿಗೆ ಹೇಳಬೇಕಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊಂದಲದ ಅರ್ಧ ಭಾಗ ಆ ಘೋಷವಾಕ್ಯದ್ದು. ಅದು ಡಾರ್ವಿನ್ನನದಲ್ಲ. 1864ರಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಬಳಸಿದ ಮಾತು. ‘ಆಯ್ಕೆ’ ಅಂದರೆ ಆರಿಸುವವನು ಒಬ್ಬನಿದ್ದಾನೆ ಎಂದು ಜನ ತಿಳಿಯುತ್ತಾರೆ, ಅದರ ಬದಲು ಸ್ಪೆನ್ಸರನ ಮಾತು ಹಾಕು ಎಂದು, ನೈಸರ್ಗಿಕ ಆಯ್ಕೆಯನ್ನು ತಾನೂ ಸ್ವತಂತ್ರವಾಗಿ ಕಂಡುಕೊಂಡಿದ್ದ ವಾಲೇಸ್ ಡಾರ್ವಿನ್ನನನ್ನು ಒತ್ತಾಯಿಸಿದ. 1869ರಲ್ಲಿ ಬಂದ ತನ್ನ ‘ಜೀವಿ ಪ್ರಭೇದಗಳ ಉಗಮ’ ಗ್ರಂಥದ ಐದನೇ ಆವೃತ್ತಿಯಲ್ಲಿ ಡಾರ್ವಿನ್ ಅದನ್ನು ಸೇರಿಸಿಕೊಂಡ. ನಮ್ಮ ತರ್ಕಶಾಸ್ತ್ರದಲ್ಲಿ ಆತ್ಮಾಶ್ರಯ ಎಂಬ ದೋಷವಿದೆಯಲ್ಲ, ತನ್ನನ್ನು ಸಾಧಿಸಲು ತನ್ನನ್ನೇ ಆಧರಿಸುವುದು, ಆ ಆರೋಪ ಅಂಟಿಕೊಂಡದ್ದು ಹೀಗೆ. ಕಾರ್ಲ್ ಪಾಪರ್‌ನಂಥ ತತ್ತ್ವಜ್ಞಾನಿಯೂ ಡಾರ್ವಿನ್‌ವಾದ ಪರೀಕ್ಷೆಗೆ ಒಡ್ಡಬಹುದಾದ ಸಿದ್ಧಾಂತವಲ್ಲ ಎಂದಿದ್ದ. 1977ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ತನ್ನ ಅಭಿಪ್ರಾಯ ಬದಲಾಗಿದೆ ಎಂದು ಬಾಯಿಬಿಟ್ಟು ಹೇಳಿದ. ಆ ಪ್ರಾಮಾಣಿಕತೆಗೆ ನನಗೆ ಬಹಳ ಗೌರವ.

ಅದೇ 1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಸಮೂಹದ ಡಾಫ್ನಿ ಮೇಜರ್ ಎಂಬ ಪುಟ್ಟ ದ್ವೀಪಕ್ಕೆ ಭೀಕರ ಬರ ಬಂತು. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿ 1973ರಿಂದಲೇ ಅಲ್ಲಿನ ಗುಬ್ಬಿಯಂಥ ಫಿಂಚ್ ಹಕ್ಕಿಗಳ ಕಾಲಿಗೆ ಬಳೆ ಹಾಕಿ, ಕೊಕ್ಕು ಅಳೆದು ಬರೆದಿಡುತ್ತಿದ್ದರು. ಮಳೆ ಇಲ್ಲದೆ ಸಣ್ಣ, ಮೆತ್ತನೆಯ ಬೀಜಗಳು ಮುಗಿದವು. ಉಳಿದವುಗಳಲ್ಲಿ ಮುಖ್ಯವಾದದ್ದು ಟ್ರಿಬ್ಯುಲಸ್ ಗಿಡದ ಗಟ್ಟಿ ಮುಳ್ಳುಕಾಯಿ. ಬರಿಗಾಲಲ್ಲಿ ನೆಗ್ಗಿಲುಮುಳ್ಳು ತುಳಿದವರಿಗೆ ಅದು ಎಷ್ಟು ಗಟ್ಟಿ ಎಂದು ಗೊತ್ತು. ಇದು ಅದರದೇ ಕುಲದ ಗಿಡ. ಮಧ್ಯಮ ಗಾತ್ರದ ನೆಲಫಿಂಚುಗಳಲ್ಲಿ ನೂರಕ್ಕೆ ಸುಮಾರು 85 ಸತ್ತವು. ಉಳಿದವುಗಳ ಕೊಕ್ಕು ಸರಾಸರಿಯಲ್ಲಿ ಹೆಚ್ಚು ದಪ್ಪವಿತ್ತು. ಕೊಕ್ಕಿನ ದಪ್ಪ ತಂದೆತಾಯಿಯಿಂದ ಬರುವ ಗುಣವಾದ್ದರಿಂದ ಮುಂದಿನ ಪೀಳಿಗೆಯ ಕೊಕ್ಕೂ ದಪ್ಪವಾಯಿತು. 1983ರಲ್ಲಿ ಎಲ್ ನಿನೊದಿಂದ (ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಹವೆ ಬದಲಾಗುವುದು) ಮಳೆ ಸುರಿದು ಸಣ್ಣ ಬೀಜ ತುಂಬಿಕೊಂಡ ಮೇಲೆ ಗಾಳಿ ತಿರುಗಿತು, ಸಣ್ಣ ಕೊಕ್ಕಿನವಕ್ಕೆ ಅನುಕೂಲವಾಯಿತು.

ಸುತ್ತುಮಾತು ಮುರಿಯುವುದು ಇಲ್ಲೇ. ಕೊಕ್ಕು ಅಳೆದದ್ದು ಬರಕ್ಕೆ ಮೊದಲು. ಯಾವ ಕೊಕ್ಕು ಯಾವ ಕಾಯಿ ಒಡೆಯಬಲ್ಲದು ಎಂದು ತಿಳಿಯಲು ಯಾವ ಹಕ್ಕಿ ಬದುಕಿತು ಎಂದು ನೋಡಬೇಕಿಲ್ಲ. ಉಳಿವಿನ ಲೆಕ್ಕ ಬೇರೆ, ಕೊಕ್ಕಿನ ಲೆಕ್ಕ ಬೇರೆ. ಎರಡೂ ತಾಳೆಯಾಗದೆ ಹೋಗುವ ಸಾಧ್ಯತೆ ಇತ್ತು.

ಇನ್ನೊಂದು ಉದಾಹರಣೆ ತತ್ತ್ವಜ್ಞಾನಿಗಳಲ್ಲಿ ಪ್ರಸಿದ್ಧ. ಅಚ್ಚು ಒಂದೇ ರೀತಿಯ ಅವಳಿಗಳು. ಒಬ್ಬನಿಗೆ ಸಿಡಿಲು ಬಡಿಯಿತು, ಇನ್ನೊಬ್ಬ ಮಕ್ಕಳುಮರಿ ಕಂಡ. ಎರಡನೆಯವನು ಹೆಚ್ಚು ಅರ್ಹ ಎಂದು ಯಾರೂ ಹೇಳುವುದಿಲ್ಲ. ಅಂದಮೇಲೆ ಅರ್ಹತೆ ಅಂದರೆ ಉಳಿದದ್ದು ಎಂದಲ್ಲ. ಸೂಸನ್ ಮಿಲ್ಸ್ ಮತ್ತು ಜಾನ್ ಬೀಟಿ 1979ರಲ್ಲಿ ಇದನ್ನು ಬಿಡಿಸಿ ಹೇಳಿದರು: ಅರ್ಹತೆ ಎಂಬುದು ಒಂದು ಪರಿಸರದಲ್ಲಿ ಸಂತತಿ ಬಿಡುವ ಒಲವು. ಡಬ್ಬಿಯಲ್ಲಿರುವ ಸಕ್ಕರೆ ಇನ್ನೂ ಕರಗಿಲ್ಲ, ಆದರೂ ಕರಗುವ ಗುಣ ಅದಕ್ಕಿದೆ. ‘ಕರಗುವ ಗುಣವಿತ್ತು, ಕರಗಿತು’ ಅಂದರೆ ವಿವರಣೆ ತೆಳುವೇ, ಒಪ್ಪುತ್ತೇನೆ. ಅದಕ್ಕೆ ಮೈ ತುಂಬುವುದು ಸಕ್ಕರೆಯ ಅಣುವಿನ ರಚನೆ. ಫಿಂಚಿನ ವಿಷಯದಲ್ಲಿ ಮೈ ತುಂಬುವುದು ಕೊಕ್ಕು ಮತ್ತು ಕಾಯಿ. (ಅರ್ಹತೆ ಯಾವುದಕ್ಕೂ ಕಾರಣವಲ್ಲ, ಬರೀ ಅಂಕಿಸಂಖ್ಯೆಯ ಸಾರಾಂಶ ಎನ್ನುವ ಗುಂಪೂ ಇದೆ. ಬೀಜ ಮುಗಿದು ಹಕ್ಕಿ ಸತ್ತದ್ದನ್ನು ಅವರ ವಾದ ಎಲ್ಲಿಗೆ ಸೇರಿಸುತ್ತದೆ ಎಂಬುದು ನನಗೆ ಇವತ್ತಿಗೂ ಒಗ್ಗಿಲ್ಲ.)

ನಿಮ್ಮ ಅನುಮಾನಕ್ಕೆ ನ್ಯಾಯವಾದ ಜಾಗ ಬೇರೆಯೇ ಇದೆ. ಕಣ್ಣಿಗೆ ಬಿದ್ದ ಪ್ರತಿ ಗುಣಕ್ಕೂ ‘ಇದು ಇಂಥದ್ದಕ್ಕಾಗಿಯೇ ಆಯ್ಕೆಯಾಯಿತು’ ಎಂದು ಕಥೆ ಕಟ್ಟುವ ಚಾಳಿಯನ್ನು ಜೀವವಿಜ್ಞಾನಿಗಳಾದ ಗೂಲ್ಡ್ ಮತ್ತು ಲೆವಾಂಟಿನ್ 1979ರಲ್ಲಿ ಕಟುವಾಗಿ ಟೀಕಿಸಿದರು. ರಾಗಿಯನ್ನು ಜರಡಿ ಹಿಡಿಯುತ್ತೀರಿ. ಕೆಳಗೆ ಬಿದ್ದ ಕಾಳೆಲ್ಲ ಕೆಂಪು. ಆದರೆ ಜರಡಿ ನೋಡಿದ್ದು ಗಾತ್ರವನ್ನು. ಬಣ್ಣ ಜೊತೆಗೆ ಬಂದದ್ದು. ರಕ್ತ ಕೆಂಪಗಿರುವುದೂ ಹೀಗೆ: ಆಯ್ಕೆ ನಡೆದದ್ದು ಆಮ್ಲಜನಕ ಹೊರುವ ಗುಣಕ್ಕೆ. ಈ ವ್ಯತ್ಯಾಸವನ್ನು ಖಚಿತವಾಗಿ ಗೆರೆ ಎಳೆದು ತೋರಿಸಿದವನು ತತ್ತ್ವಜ್ಞಾನಿ ಎಲಿಯಟ್ ಸೋಬರ್, 1984ರಲ್ಲಿ.

ಸೋಬರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನಿಜವಾಗಿ ನಿದ್ದೆಗೆಡಿಸುವ ಪ್ರಶ್ನೆ ನನ್ನ ಮಟ್ಟಿಗೆ ಅದೇ. ಕೆಳಗಿನ ರಾಶಿಯಲ್ಲಿ ಸಣ್ಣ ಕಾಳೇ ಏಕಿವೆ ಎಂದು ಜರಡಿ ವಿವರಿಸುತ್ತದೆ. ಈ ಒಂದು ಕಾಳು ಸಣ್ಣದೇಕೆ ಎಂದು ವಿವರಿಸುವುದಿಲ್ಲ. ಅದು ಮೊದಲೇ ಸಣ್ಣದಿತ್ತು. ಹಾಗೆಯೇ ಫಿಂಚುಗಳ ಗುಂಪಿನ ಬದಲಾವಣೆಯನ್ನು ಆಯ್ಕೆ ವಿವರಿಸುತ್ತದೆ, ಈ ಹಕ್ಕಿಯ ಕೊಕ್ಕು ದಪ್ಪವೇಕೆ ಎಂಬುದನ್ನಲ್ಲ. ಅದಕ್ಕೆ ಅದರ ಅಪ್ಪ ಅಮ್ಮನ ಜೀನುಗಳನ್ನೇ ಕೇಳಬೇಕು. ತತ್ತ್ವಜ್ಞಾನಿ ಕ್ಯಾರನ್ ನಿಯಾಂಡರ್ 1988ರಲ್ಲಿ ಇದನ್ನು ಪ್ರಶ್ನಿಸಿದಳು. ನಿಸರ್ಗ ಒಂದೇ ಸಲ ಜರಡಿ ಹಿಡಿದು ಕೈತೊಳೆದುಕೊಳ್ಳುವುದಿಲ್ಲ. ಈ ಪೀಳಿಗೆಯಲ್ಲಿ ಯಾವುದು ಹರಡಿತು ಎಂಬುದರ ಮೇಲೆ ಮುಂದಿನ ಪೀಳಿಗೆಯಲ್ಲಿ ಏನು ಹುಟ್ಟಬಹುದು ಎಂಬುದೇ ಬದಲಾಗುತ್ತದೆ.

ಜೀವವಿಜ್ಞಾನಿ ರಿಚರ್ಡ್ ಲೆನ್‌ಸ್ಕಿಯ ಪ್ರಯೋಗ ನನ್ನನ್ನು ಅವಳ ಕಡೆಗೆ ವಾಲಿಸಿತು. 1988ರಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯದ ಒಂದೇ ತಳಿಯಿಂದ 12 ಗುಂಪುಗಳನ್ನು ಶುರುಮಾಡಿ, ಪ್ರತಿ 500 ತಲೆಮಾರಿಗೊಮ್ಮೆ ಮಾದರಿಗಳನ್ನು ಹೆಪ್ಪುಗಟ್ಟಿಸಿ ಇಡುತ್ತಾ ಬಂದರು. ಸುಮಾರು 31,500 ತಲೆಮಾರು ಕಳೆದಾಗ ಒಂದೇ ಒಂದು ಗುಂಪು, ಆಮ್ಲಜನಕ ಇರುವಾಗಲೂ ಸಿಟ್ರೇಟ್ (ನಿಂಬೆಹುಳಿಯ ಲವಣ) ತಿನ್ನುವುದನ್ನು ಕಲಿತಿತ್ತು. ಇ. ಕೋಲೈಗೆ ಸಾಮಾನ್ಯವಾಗಿ ಇದು ಆಗದ ಕೆಲಸ. ಹಳೆಯ ಮಾದರಿಗಳನ್ನು ಕರಗಿಸಿ ಮತ್ತೆ ಬೆಳೆಸಿದಾಗ ಆ ಗುಣ ಮರಳಿ ಬಂದದ್ದು 20,000ನೇ ತಲೆಮಾರು ಮತ್ತು ಅದರ ಈಚಿನವುಗಳಲ್ಲಿ ಮಾತ್ರ. ಹಿಂದೆ ಆದ ಯಾವುದೋ ಬದಲಾವಣೆ ನೆಲ ಹದ ಮಾಡಿತ್ತು. ಆ ಬದಲಾವಣೆ ಆಯ್ಕೆಯಿಂದಲೇ ಹರಡಿದ್ದಾದರೆ, ಇಂದಿನ ಒಂದು ಬ್ಯಾಕ್ಟೀರಿಯ ಸಿಟ್ರೇಟ್ ತಿನ್ನುವುದಕ್ಕೆ ಕಾರಣ ಹೇಳುವಾಗ ಆಯ್ಕೆಯನ್ನು ಬಿಟ್ಟು ಹೇಳಲಾಗದು. ಸೋಬರನ ಕಡೆಯವರು ಆಗಲೂ ಕೇಳುತ್ತಾರೆ: ಪೂರ್ವಜರು ಬೇರೆ ಆಗಿದ್ದರೆ ಹುಟ್ಟುತ್ತಿದ್ದುದು ಇದೇ ಬ್ಯಾಕ್ಟೀರಿಯವೇ, ಅಥವಾ ಬೇರೊಂದೇ? ಆ ತೊಡಕನ್ನು ನನಗೆ ಇನ್ನೂ ಬಿಡಿಸಲಾಗಿಲ್ಲ.