ಹೊಸ ಬ್ಯಾರೆಲ್‌ನ ಮೊದಲ ಗುಂಡುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಗ್ರೀನ್ ಕಾರ್ಡ್ ಪಡೆದು ಅಮೆರಿಕದ ಕೊಲರಾಡೋದಲ್ಲಿ ನೆಲೆಸಿದ್ದೇನೆ. ಸೌತ್ ಡಕೋಟಾದ ಪಶ್ಚಿಮ ಭಾಗದಲ್ಲಿ ದನಗಳ ರ‍್ಯಾಂಚ್ ನಡೆಸುವ ಪರಿಚಿತರೊಬ್ಬರು ತಮ್ಮ ಹುಲ್ಲುಗಾವಲಿನಲ್ಲಿ ಪ್ರೇರಿ ಡಾಗ್ ಎಂಬ, ಬಿಲದಲ್ಲಿ ವಾಸಿಸುವ ಅಳಿಲಿನ ಜಾತಿಯ ಪ್ರಾಣಿಗಳ ಹಾವಳಿ ಹೆಚ್ಚಾಗಿದೆಯೆಂದು ಬೇಸಿಗೆಯಲ್ಲಿ ಶಿಕಾರಿಗೆ ಕರೆಯುತ್ತಾರೆ. ನನ್ನಲ್ಲಿ .243 ವಿಂಚೆಸ್ಟರ್ ತೋಟೆಯ ಹಳೆಯ ರೆಮಿಂಗ್ಟನ್ 700 ರೈಫಲ್ ಇದೆ. ಅದರ ಬ್ಯಾರೆಲ್ ಸವೆದಿದೆ. ಅದೇ ಆ್ಯಕ್ಷನ್ (ತೋಟೆಯನ್ನು ತುಂಬಿ ಹಾರಿಸುವ ಯಂತ್ರಭಾಗ) ಉಳಿಸಿಕೊಂಡು ಹೊಸ ರೈಫಲ್ ಕಟ್ಟಿಸಬೇಕೆಂದಿದ್ದೇನೆ. ಯಾವ ತೋಟೆ, ಯಾವ ಬ್ಯಾರೆಲ್ ಆರಿಸಿಕೊಳ್ಳಲಿ? ಹಣವನ್ನು ಯಾವುದಕ್ಕೆ ಹೆಚ್ಚು ವಿನಿಯೋಗಿಸಬೇಕು?

ಉತ್ತರ: ಎದ್ದು ನಿಂತ ಪ್ರೇರಿ ಡಾಗ್‌ನ ಅಗಲ ಸುಮಾರು ಮೂರು ಇಂಚು. ಮುನ್ನೂರು ಗಜ ದೂರದಲ್ಲಿ ಒಂದು ಮಿನಿಟ್ ಕೋನವೆಂದರೂ (ಡಿಗ್ರಿಯ ಅರವತ್ತನೇ ಒಂದು ಭಾಗ) ಸುಮಾರು ಮೂರು ಇಂಚೇ. ಆದ್ದರಿಂದ ಜಿಂಕೆಯ ಶಿಕಾರಿಗೆ ಧಾರಾಳವಾಗಿ ಸಾಕಾಗುವ ರೈಫಲ್ ಇಲ್ಲಿ ಸಾಲದು. ಗಾಳಿಗೂ ನಮ್ಮ ಕೈಯ ತಪ್ಪಿಗೂ ಸ್ವಲ್ಪ ಎಡೆ ಉಳಿಯಬೇಕಾದರೆ ರೈಫಲ್ ಅರ್ಧ ಮಿನಿಟ್‌ನೊಳಗೆ ಗುಂಡುಗಳನ್ನು ಗುಂಪಾಗಿಸಬೇಕು. ಗುರಿ ತಪ್ಪಿ ಗಾಯಗೊಂಡ ಪ್ರಾಣಿ ಬಿಲದೊಳಗೆ ನರಳಿ ಸಾಯುವುದನ್ನು ಯಾವ ಶಿಕಾರಿಯೂ ಬಯಸಲಾರ. ಈ ಬಗೆಯ ರೈಫಲ್‌ನಲ್ಲಿ ನಿಖರತೆಗೆ ಹಣ ಹಾಕುವುದಕ್ಕೆ ನನ್ನ ದೃಷ್ಟಿಯಲ್ಲಿ ಇದೇ ಮೊದಲ ಕಾರಣ.

ತೋಟೆಯ ಆಯ್ಕೆಯನ್ನು, ಅದರ ಬುಡವನ್ನು ಹಿಡಿದು ಬ್ಯಾರೆಲ್‌ನ ಹಿಂಬದಿ ಮುಚ್ಚುವ ನಿಮ್ಮ ಬೋಲ್ಟ್ ಬಹುಮಟ್ಟಿಗೆ ನಿರ್ಧರಿಸಿಬಿಟ್ಟಿದೆ. .243 ವಿಂಚೆಸ್ಟರ್ ತೋಟೆಯ ಬುಡದ ಅಳತೆಯೂ .22-250 ರೆಮಿಂಗ್ಟನ್ ತೋಟೆಯ ಬುಡದ ಅಳತೆಯೂ ಒಂದೇ ಆಗಿರುವುದರಿಂದ, ಬೋಲ್ಟ್‌ನ ಮುಖವನ್ನು ಬದಲಿಸದೆಯೇ .22-250 ಬ್ಯಾರೆಲ್ ಕೂರಿಸಬಹುದು. .223 ರೆಮಿಂಗ್ಟನ್‌ನ ಬುಡ ಚಿಕ್ಕದು. ಅದಕ್ಕೆ ಬೇರೆ ಬೋಲ್ಟ್ ಬೇಕಾಗುತ್ತದೆ. ಹಾಗೆಂದು .223 ಅನ್ನು ಕಡೆಗಣಿಸುವಂತಿಲ್ಲ. .22-250 ತೋಟೆಯು 55 ಗ್ರೇನ್ (ಸುಮಾರು ಮೂರೂವರೆ ಗ್ರಾಂ) ಗುಂಡನ್ನು ಸೆಕೆಂಡಿಗೆ ಸುಮಾರು 3,600 ಅಡಿ ವೇಗದಲ್ಲಿ ಹಾರಿಸಿದರೆ, .223 ಅದೇ ಗುಂಡನ್ನು ಸುಮಾರು 3,200 ಅಡಿ ವೇಗದಲ್ಲಿ ಹಾರಿಸುತ್ತದೆ. ಆದರೆ ಅದು ಉರಿಸುವ ಮದ್ದು ಕಡಿಮೆ, ಬ್ಯಾರೆಲ್‌ನ ಬಾಳಿಕೆ ಹೆಚ್ಚು. ದಿನವಿಡೀ ಗುಂಡು ಹಾರಿಸುವವರಿಗೆ .223 ಲೇಸು; ಆರಿಸಿ, ಅಳೆದು, ದೂರದ ಗುರಿಗೆ ಹಾರಿಸುವವರಿಗೆ .22-250 ಲೇಸು. ನಿಮ್ಮ ಆ್ಯಕ್ಷನ್‌ಗೆ ನಾನು .22-250 ಅನ್ನೇ ಸೂಚಿಸುತ್ತೇನೆ.

ರೆಮಿಂಗ್ಟನ್ 700 ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಬೋಲ್ಟ್ ಓಡಾಡುವ ಅದರ ಚೌಕಟ್ಟು, ಎಂದರೆ ರಿಸೀವರ್, ದುಂಡಾಗಿರುವುದರಿಂದ ಲೇತ್‌ನಲ್ಲಿ ಹಿಡಿದು ಸರಿಪಡಿಸುವುದು ಸುಲಭ. ಗನ್‌ಸ್ಮಿತ್‌ಗಳು ಇದನ್ನು ಮೆಚ್ಚುವುದಕ್ಕೆ ಇದೊಂದು ಮುಖ್ಯ ಕಾರಣ. ರಿಸೀವರ್‌ನ ಮುಂದಿನ ಮುಖ, ಬೋಲ್ಟ್‌ನ ಲಗ್‌ಗಳೆಂಬ ಮುಂಚಾಚುಗಳು ಒರಗುವ ಮೇಲ್ಮೈ, ಬೋಲ್ಟ್‌ನ ಮುಖ ಮತ್ತು ಬ್ಯಾರೆಲ್ ಕೂರುವ ತಿರುಪು ಒಂದೇ ಅಕ್ಷಕ್ಕೆ ಹೊಂದುವಂತೆ ಮಾಡಿಸಿಕೊಳ್ಳಿ. ಬ್ಯಾರೆಲ್ ಮತ್ತು ರಿಸೀವರ್ ನಡುವೆ ಕೂರುವ ರಿಕಾಯ್ಲ್ ಲಗ್ ಎಂಬ ಬಿಲ್ಲೆಯನ್ನೂ ಎರಡು ಮುಖ ಸಮಾನಾಂತರವಾಗಿ ಉಜ್ಜಿದ, ದಪ್ಪನೆಯ ಬಿಲ್ಲೆಗೆ ಬದಲಿಸುವುದು ವಾಡಿಕೆ.

ಬ್ಯಾರೆಲ್‌ನ ವಿಷಯದಲ್ಲಿ ಜಿಪುಣತನ ಬೇಡ. ವಿಸ್ಕಾನ್ಸಿನ್‌ನ ಕ್ರೀಗರ್ ಮತ್ತು ಬಾರ್ಟ್‌ಲೈನ್ ಸಂಸ್ಥೆಗಳು ಗುಂಡನ್ನು ತಿರುಗಿಸುವ ರೈಫ್ಲಿಂಗ್ ಎಂಬ ಸುರುಳಿ ತೋಡುಗಳನ್ನು ಹಂತಹಂತವಾಗಿ ಕೊರೆದು ತೆಗೆಯುತ್ತವೆ. ಟೆಕ್ಸಸ್‌ನ ಶೈಲನ್, ಮೊಂಟಾನಾದ ಲಿಲ್ಯಾ ಸಂಸ್ಥೆಗಳು ಗಟ್ಟಿ ಲೋಹದ ಬಟನ್ ಹಾಯಿಸಿ ತೋಡು ಮೂಡಿಸುತ್ತವೆ. ಎರಡೂ ವಿಧಾನಗಳಲ್ಲಿ ಶ್ರೇಷ್ಠ ಬ್ಯಾರೆಲ್‌ಗಳು ಹುಟ್ಟಿವೆ; ಒಳಮೈಯನ್ನು ಕೈಯಿಂದ ಲ್ಯಾಪ್ ಮಾಡಿ, ಎಂದರೆ ನುಣುಪು ಪುಡಿಯಿಂದ ಉಜ್ಜಿ, ನಯಗೊಳಿಸಲಾಗಿದೆಯೇ ಎಂಬುದನ್ನೇ ಮುಖ್ಯವಾಗಿ ಕೇಳಿ. 416 ಆರ್ ಸ್ಟೇನ್‌ಲೆಸ್ ಉಕ್ಕು, 24 ಅಥವಾ 26 ಇಂಚು ಉದ್ದ, ಭಾರವಾದ ವಾರ್ಮಿಂಟ್ (ಹಾವಳಿಯ ಸಣ್ಣ ಪ್ರಾಣಿಗಳ ಶಿಕಾರಿಗೆ ಹೊಂದುವ) ಆಕಾರ ನಿಮಗೆ ಹೊಂದುತ್ತದೆ. ಹಗುರವಾದ ಸೀಸದ ಗುಂಡುಗಳಿಗೆ 14 ಇಂಚಿಗೆ ಒಂದು ಸುತ್ತಿನ ಟ್ವಿಸ್ಟ್ (ರೈಫ್ಲಿಂಗ್‌ನ ತಿರುವು) ಸಾಕು. ಬಹಳ ವೇಗದ ಟ್ವಿಸ್ಟ್‌ನಿಂದ ತೆಳು ಕವಚದ ವಾರ್ಮಿಂಟ್ ಗುಂಡು ವಿಪರೀತವಾಗಿ ತಿರುಗಿ, ಗುರಿ ಮುಟ್ಟುವ ಮೊದಲೇ ಗಾಳಿಯಲ್ಲಿ ಚೂರಾಗುವುದುಂಟು.

ತೋಟೆ ಕೂರುವ ಚೇಂಬರ್ ಕೊರೆದ ಮೇಲೆ ಹೆಡ್‌ಸ್ಪೇಸ್ ಅನ್ನು, ಎಂದರೆ ಮುಚ್ಚಿದ ಬೋಲ್ಟ್‌ನ ಮುಂದೆ ತೋಟೆಗೆ ಉಳಿಯುವ ಜಾಗವನ್ನು, ಗೋ ಮತ್ತು ನೋ-ಗೋ ಗೇಜ್‌ಗಳಿಂದ ನಿಮ್ಮ ಎದುರೇ ಪರೀಕ್ಷಿಸಿ ತೋರಿಸುವಂತೆ ಗನ್‌ಸ್ಮಿತ್‌ರನ್ನು ಕೇಳಿ. ಇದು ನಿಖರತೆಗಿಂತ ಮೊದಲು ನಿಮ್ಮ ಕಣ್ಣು ಮತ್ತು ಮುಖದ ಸುರಕ್ಷತೆಯ ವಿಷಯ. ಸ್ಟಾಕ್‌ನಲ್ಲಿ ಅಲ್ಯೂಮಿನಿಯಂ ಪಿಲ್ಲರ್‌ಗಳನ್ನಿಟ್ಟು ಎಪಾಕ್ಸಿಯಿಂದ ಬೆಡ್ಡಿಂಗ್ ಮಾಡಿಸಿ, ಎಂದರೆ ರಿಸೀವರ್ ಅಲುಗದಂತೆ ಅಚ್ಚುಕಟ್ಟಾಗಿ ಕೂರಿಸಿ. ಬ್ಯಾರೆಲ್ ಎಲ್ಲಿಯೂ ಸ್ಟಾಕ್‌ಗೆ ತಾಗದಂತೆ ತೆರವಿರಲಿ. ಒಂದೂವರೆಯಿಂದ ಎರಡೂವರೆ ಪೌಂಡ್‌ನ ಒಳ್ಳೆಯ ಟ್ರಿಗರ್ ಮತ್ತು ಪ್ಯಾರಲಾಕ್ಸ್ ಹೊಂದಿಸಬಹುದಾದ ದುರ್ಬೀನು ಇದ್ದರೆ ಉಳಿದ ಅಲಂಕಾರಗಳನ್ನೆಲ್ಲ ಮುಂದೂಡಬಹುದು.

ಇನ್ನೊಂದು ವಿಷಯ. ನೀವು ಸೌತ್ ಡಕೋಟಾದ ನಿವಾಸಿಯಲ್ಲವಾದ್ದರಿಂದ ಆ ರಾಜ್ಯದ ಅನಿವಾಸಿ ಶಿಕಾರಿ ಪರವಾನಗಿ ಪಡೆಯಬೇಕು. ರ‍್ಯಾಂಚ್‌ನ ಗಡಿ ದಾಟಿದರೆ ಕಾನೂನೂ ಬದಲಾಗುತ್ತದೆ. ಆ ಭಾಗದ ಕೊನಾಟಾ ಬೇಸಿನ್‌ನಲ್ಲಿ ಪ್ರೇರಿ ಡಾಗ್‌ಗಳನ್ನು ರಕ್ಷಿಸಲಾಗಿದೆ, ಏಕೆಂದರೆ ಅವುಗಳನ್ನೇ ತಿಂದು ಬದುಕುವ ಕಪ್ಪುಗಾಲಿನ ಫೆರೆಟ್ ಅಲ್ಲಿದೆ. ಅಳಿದೇ ಹೋಯಿತೆಂದು ಭಾವಿಸಿದ್ದ ಈ ಪ್ರಾಣಿ 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಬಳಿ ಮತ್ತೆ ಕಂಡಿತು. ಅದರ ಉಳಿವು ನಮ್ಮ ಒಂದು ದಿನದ ಶಿಕಾರಿಗಿಂತ ದೊಡ್ಡದು.

ಪ್ರಶ್ನೆ: ಹೊಸ ಬ್ಯಾರೆಲ್ ಅನ್ನು ಪಳಗಿಸಲು ಒಂದೊಂದು ಗುಂಡಿಗೂ ಒಮ್ಮೆ ಒರೆಸಬೇಕೆಂದು ಕೆಲವರು ಹೇಳುತ್ತಾರೆ; ಅದೆಲ್ಲ ಬರಿಯ ಭ್ರಮೆ ಎಂದು ಮತ್ತೆ ಕೆಲವರು ಹೇಳುತ್ತಾರೆ. ಯಾರನ್ನು ನಂಬಬೇಕು?

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಹೆಸರಾಂತ ಬ್ಯಾರೆಲ್ ತಯಾರಕ ಗೇಲ್ ಮೆಕ್‌ಮಿಲನ್ ಈ ಪದ್ಧತಿಯನ್ನು ಬಹಿರಂಗವಾಗಿಯೇ ವಿರೋಧಿಸಿದ್ದರು. ಹಾರಿಸಿದ ಪ್ರತಿ ಗುಂಡೂ ಬ್ಯಾರೆಲ್‌ನ ಆಯುಸ್ಸಿನಿಂದ ಒಂದು ಪಾಲನ್ನು ಕಡಿತಗೊಳಿಸುತ್ತದೆಯಾದ್ದರಿಂದ, ಪ್ರಯೋಜನವಿಲ್ಲದ ಗುಂಡು ವ್ಯರ್ಥವೇ ಸರಿ. ಇನ್ನೊಂದೆಡೆ ಕ್ರೀಗರ್ ಸಂಸ್ಥೆ ಸಂಕ್ಷಿಪ್ತವಾದ ಪಳಗಿಸುವಿಕೆಯನ್ನು ಸಲಹೆ ಮಾಡುತ್ತದೆ. ಅದಕ್ಕೆ ಅದು ಕೊಡುವ ಕಾರಣವನ್ನು ಅರ್ಥಮಾಡಿಕೊಂಡರೆ ಗೊಂದಲ ಬಹುಪಾಲು ತಿಳಿಯಾಗುತ್ತದೆ.

ಲ್ಯಾಪ್ ಮಾಡಿದ ಬ್ಯಾರೆಲ್‌ನ ಒಳಮೈಯಲ್ಲಿ ಉಳಿದಿರುವ ಸೂಕ್ಷ್ಮ ಗೆರೆಗಳು ಗುಂಡು ಸಾಗುವ ದಿಕ್ಕಿನಲ್ಲೇ ಇರುತ್ತವೆ. ಆದರೆ ಗನ್‌ಸ್ಮಿತ್ ಆಮೇಲೆ ರೀಮರ್ ತಿರುಗಿಸಿ ಚೇಂಬರ್ ಕೊರೆಯುವಾಗ, ಚೇಂಬರ್ ಮುಗಿದು ರೈಫ್ಲಿಂಗ್ ಆರಂಭವಾಗುವ ಥ್ರೋಟ್ ಎಂಬ ಪುಟ್ಟ ಭಾಗದಲ್ಲಿ ಹೊಸ ಗೆರೆಗಳು ಗುಂಡಿನ ದಾರಿಗೆ ಅಡ್ಡವಾಗಿ ಮೂಡುತ್ತವೆ. ಅರದ ಹಲ್ಲುಗಳಂತೆ ಅವು ಗುಂಡಿನ ತಾಮ್ರದ ಕವಚವನ್ನು ಕೆರೆಯುತ್ತವೆ. ಕೆರೆದ ತಾಮ್ರ ಉರಿಯುವ ಅನಿಲದ ಕಾವಿಗೆ ಆವಿಯಾಗಿ, ಅನಿಲದೊಡನೆ ಮುಂದೆ ಸಾಗಿ ಬ್ಯಾರೆಲ್‌ನ ಉದ್ದಕ್ಕೂ ಅಂಟುತ್ತದೆ. ಪಳಗಿಸುವುದೆಂದರೆ ಈ ಅಡ್ಡಗೆರೆಗಳು ಗುಂಡುಗಳ ಉಜ್ಜುವಿಕೆಯಿಂದ ನಯವಾಗುವವರೆಗೆ, ಅವುಗಳ ಮೇಲೆ ತಾಮ್ರದ ಪದರ ಕೂರದಂತೆ ನೋಡಿಕೊಳ್ಳುವುದು. ಕೆಲಸವಿರುವುದು ಥ್ರೋಟ್‌ನಲ್ಲೇ ಹೊರತು ಇಡೀ ಬ್ಯಾರೆಲ್‌ನಲ್ಲಲ್ಲ. ರೀಮರ್ ಹರಿತವಾಗಿದ್ದು ಕೆಲಸ ಅಚ್ಚುಕಟ್ಟಾಗಿದ್ದರೆ ಕೆಲವೇ ಗುಂಡುಗಳಲ್ಲಿ ಇದು ಮುಗಿದುಹೋಗುತ್ತದೆ.

ಆದ್ದರಿಂದ ಎಣಿಕೆಯನ್ನು ಮೊದಲೇ ನಿಗದಿ ಮಾಡಬೇಡಿ. ಬಟ್ಟೆಯ ಚೂರನ್ನು ನೋಡಿ ನಿರ್ಧರಿಸಿ. ತಯಾರಿಕೆಯ ಎಣ್ಣೆ ಮತ್ತು ಲೋಹದ ಪುಡಿ ಹೋಗುವಂತೆ ಮೊದಲ ಗುಂಡಿಗಿಂತ ಮುಂಚೆಯೇ ಬ್ಯಾರೆಲ್ ಒರೆಸಿ, ಚೇಂಬರ್ ಒಣಗಿಸಿ. ಒಂದು ಗುಂಡು ಹಾರಿಸಿ. ಮೊದಲು ಮಸಿ ತೆಗೆಯುವ ದ್ರಾವಣ, ಆಮೇಲೆ ಅಮೋನಿಯ ಇರುವ ತಾಮ್ರದ ದ್ರಾವಣ ಹಚ್ಚಿ ಬಟ್ಟೆ ಹಾಯಿಸಿದರೆ ಅದು ನೀಲಿಯಾಗಿ ಹೊರಬರುತ್ತದೆ. ಆ ನೀಲಿ ತಾಮ್ರದ ಗುರುತು. ನೀಲಿ ಮಾಯವಾಗುವವರೆಗೆ ಒರೆಸಿ, ಒಣಗಿಸಿ, ಮತ್ತೊಂದು ಗುಂಡು ಹಾರಿಸಿ. ಹೀಗೆ ಮುಂದುವರಿದಂತೆ ಯಾವುದೋ ಒಂದು ಗುಂಡಿನ ನಂತರ ನೀಲಿ ಬಣ್ಣ ಎದ್ದುಕಾಣುವಷ್ಟು ಕಡಿಮೆಯಾಗುತ್ತದೆ. ಆಗ ಮೂರು ಗುಂಡುಗಳ ಒಂದೆರಡು ಗುಂಪು ಹಾರಿಸಿ ಮತ್ತೆ ನೋಡಿ. ತಾಮ್ರ ಅಷ್ಟಾಗಿ ಕೂರದಿದ್ದರೆ ಅಲ್ಲಿಗೆ ನಿಲ್ಲಿಸಿ. ಸ್ಟೇನ್‌ಲೆಸ್ ಬ್ಯಾರೆಲ್‌ಗಿಂತ ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಬ್ಯಾರೆಲ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಗುಂಡುಗಳನ್ನು ಬೇಡುತ್ತದೆ.

ಹೊಸ ಬ್ಯಾರೆಲ್‌ಗಳು ಗುಂಡಿನಿಂದ ಕೆಡುವುದಕ್ಕಿಂತ ಅವಸರದ ಒರೆಸುವಿಕೆಯಿಂದ ಕೆಡುವುದೇ ಹೆಚ್ಚೆಂದು ನಾನು ನಂಬಿದ್ದೇನೆ. ತುಂಡುತುಂಡಾಗಿ ಜೋಡಿಸುವ ಕೋಲು ಬೇಡ. ಮೇಲ್ಪದರವಿರುವ ಒಂದೇ ತುಂಡಿನ ಕೋಲನ್ನು ಬಳಸಿ. ಬೋಲ್ಟ್ ತೆಗೆದು, ಕೋಲು ಥ್ರೋಟ್‌ಗೆ ಉಜ್ಜದಂತೆ ಬೋರ್ ಗೈಡ್ ಕೂರಿಸಿ, ಯಾವಾಗಲೂ ಹಿಂಬದಿಯಿಂದಲೇ ಹಾಯಿಸಿ. ಬ್ಯಾರೆಲ್‌ನ ಬಾಯಿಯ ಅಂಚು ಸವೆದರೆ ನಿಖರತೆ ಹೋದಂತೆಯೇ. ಕೋಲಿನ ತುದಿಯಲ್ಲಿ ಬಟ್ಟೆ ಸಿಕ್ಕಿಸುವ ಜ್ಯಾಗ್ ಹಿತ್ತಾಳೆಯದಾಗಿದ್ದರೆ ದ್ರಾವಣ ಅದನ್ನೂ ಕರಗಿಸಿ ಬಟ್ಟೆಯನ್ನು ನೀಲಿ ಮಾಡುತ್ತದೆ; ಬ್ಯಾರೆಲ್‌ನಲ್ಲಿ ತಾಮ್ರ ಉಳಿದಿದೆಯೆಂದು ತಪ್ಪು ತಿಳಿದು ಗಂಟೆಗಟ್ಟಲೆ ಉಜ್ಜುವವರಿದ್ದಾರೆ. ಪ್ಲಾಸ್ಟಿಕ್ ಅಥವಾ ನಿಕಲ್ ಲೇಪದ ಜ್ಯಾಗ್ ಇದ್ದರೆ ಈ ಗೊಂದಲವಿರುವುದಿಲ್ಲ. ಕಟುವಾದ ಅಮೋನಿಯ ದ್ರಾವಣವನ್ನು ಡಬ್ಬಿಯ ಮೇಲೆ ಹೇಳಿದ ಅವಧಿಗಿಂತ ಹೆಚ್ಚು ಹೊತ್ತು ಒಳಗೆ ಬಿಡಬೇಡಿ, ಬೇರೆ ದ್ರಾವಣದೊಡನೆ ಬೆರೆಸಲೂ ಬೇಡಿ.

ಪಳಗಿಸುವುದು ಮುಗಿಯಿತೆಂದ ಮಾತ್ರಕ್ಕೆ ಮದ್ದಿನ ಅಳತೆಯನ್ನು ಅಂದೇ ಅಂತಿಮಗೊಳಿಸಬೇಡಿ. ಅನೇಕ ಹೊಸ ಬ್ಯಾರೆಲ್‌ಗಳಲ್ಲಿ ಮೊದಲ ನೂರು, ನೂರೈವತ್ತು ಗುಂಡುಗಳ ಅವಧಿಯಲ್ಲಿ ವೇಗ ನಿಧಾನವಾಗಿ ಏರಿ ಆಮೇಲೆ ನೆಲೆ ನಿಲ್ಲುತ್ತದೆ. ಸ್ವತಃ ತೋಟೆ ತುಂಬುವವರು ಈ ಗುಂಡುಗಳನ್ನು ಹಿತ್ತಾಳೆಯ ಹೊಸ ಕೇಸ್‌ಗಳು ಚೇಂಬರ್‌ಗೆ ಹೊಂದಿಕೊಳ್ಳಲೆಂದು ಬಳಸಿಕೊಳ್ಳಬಹುದು. ಪಳಗಿಸಲೆಂದೇ ಬೇರೆ ತೋಟೆಗಳನ್ನು ಸುಡಬೇಕಾಗಿಲ್ಲ.

ಪ್ರಶ್ನೆ: ಪ್ರೇರಿ ಡಾಗ್ ಶಿಕಾರಿಯಲ್ಲಿ ಒಂದೇ ದಿನ ನೂರಾರು ಗುಂಡು ಹಾರುತ್ತವೆ. ಬ್ಯಾರೆಲ್ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಬ್ಯಾರೆಲ್‌ನ ಮುಖ್ಯ ಶತ್ರು ಶಾಖ. ಕೈಯಿಟ್ಟು ಹಿಡಿದಿರಲಾಗದಷ್ಟು ಬಿಸಿಯಾದರೆ ರೈಫಲ್‌ನ ಬೋಲ್ಟ್ ತೆರೆದು ನೆರಳಿನಲ್ಲಿಡಿ. ಎರಡು ರೈಫಲ್‌ಗಳನ್ನು ಸರದಿಯಂತೆ ಬಳಸುವುದು ಅಲ್ಲಿನ ಅನುಭವಿಗಳ ರೂಢಿ, ಹತ್ತಿರದ ಗುರಿಗೆ .223 ಅಥವಾ .17 ಎಚ್‌ಎಂಆರ್, ದೂರದ ಗುರಿಗೆ ಮಾತ್ರ .22-250.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದವನು. ನೆಲದ ಅಳಿಲುಗಳ ಶಿಕಾರಿಗೆ ಸೀಸವಿಲ್ಲದ ಗುಂಡು ಬಳಸಬೇಕಾದರೆ ಬ್ಯಾರೆಲ್ ಕೊಳ್ಳುವಾಗ ಏನು ಗಮನಿಸಬೇಕು?

ಉತ್ತರ: 2019ರ ಜುಲೈ 1ರಿಂದ ನಿಮ್ಮ ರಾಜ್ಯದಲ್ಲಿ ಶಿಕಾರಿಗೆ ಸೀಸದ ಗುಂಡು ಸಂಪೂರ್ಣ ನಿಷಿದ್ಧ. ಸತ್ತ ಪ್ರಾಣಿಯೊಳಗಿನ ಸೀಸದ ಚೂರುಗಳನ್ನು ನುಂಗಿ ಕಾಂಡೋರ್ ರಣಹದ್ದುಗಳು ವಿಷಕ್ಕೆ ಬಲಿಯಾಗುತ್ತಿದ್ದುದರಿಂದ ಈ ನಿಷೇಧವನ್ನು ನಾನು ಮನಸಾರೆ ಒಪ್ಪುತ್ತೇನೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕದ ಗುಂಡು ಹೆಚ್ಚು ಉದ್ದವಾಗುತ್ತದೆ. ಉದ್ದವಾದ ಗುಂಡು ಸ್ಥಿರವಾಗಿ ಹಾರಲು ವೇಗದ ಟ್ವಿಸ್ಟ್ ಬೇಕು. ಆದ್ದರಿಂದ ಮೊದಲು ಗುಂಡನ್ನು ಆರಿಸಿ, ಅದರ ತಯಾರಕರು ಹೇಳುವ ಟ್ವಿಸ್ಟ್ ನೋಡಿ, ಆಮೇಲೆ ಬ್ಯಾರೆಲ್‌ಗೆ ಬೇಡಿಕೆ ಸಲ್ಲಿಸಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಅಮೆರಿಕದಲ್ಲಿದ್ದೇನೆ. ಇಂಥ ರೈಫಲ್ ಕಟ್ಟಿಸಿಕೊಳ್ಳಬಹುದೇ?

ಉತ್ತರ: ಇದನ್ನು ತಿಳಿಯದೆ ಹೆಜ್ಜೆಯಿಡಬೇಡಿ. ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಅಲ್ಲಿನ ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಇದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ಅಮೆರಿಕದ ಯಾವುದಾದರೂ ರಾಜ್ಯ ನೀಡಿದ, ಚಾಲ್ತಿಯಲ್ಲಿರುವ ಶಿಕಾರಿ ಪರವಾನಗಿಯೂ ಒಂದು. ಆ ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಇಲ್ಲ. ಬ್ಯಾರೆಲ್ ಬಿಡಿಭಾಗವಷ್ಟೇ, ಸಂಖ್ಯೆಯಿರುವ ರಿಸೀವರ್ ಅನ್ನೇ ಕಾನೂನು ಬಂದೂಕೆಂದು ಪರಿಗಣಿಸುತ್ತದೆ, ಆದ್ದರಿಂದ ಅದನ್ನು ಅಂಗಡಿಯಲ್ಲಿ ಕೊಳ್ಳುವಾಗ ಪರವಾನಗಿಯುಳ್ಳ ವ್ಯಾಪಾರಿಯ ಎದುರು 4473 ಸಂಖ್ಯೆಯ ನಮೂನೆ ತುಂಬಬೇಕು. ರಾಜ್ಯದ ನಿಯಮಗಳು ಬೇರೆಬೇರೆ. ನಿಮ್ಮ ವೀಸಾವೇ ಪಣವಾಗಿರುವುದರಿಂದ ಹಣ ಕೊಡುವ ಮೊದಲು ವಕೀಲರೊಬ್ಬರನ್ನು ಕಾಣಿರಿ.

ಪ್ರಶ್ನೆ: ಕೊಡಗಿನ ನಮ್ಮ ಮನೆಯಲ್ಲಿ ಒಂದು ಒಂಟಿ ನಳಿಗೆಯ ತೋಟೆ ಕೋವಿಯೂ ಒಂದು ಕೇಪಿನ ಕೋವಿಯೂ ಇವೆ. ಇವುಗಳಿಗೂ ಪಳಗಿಸುವ ಕ್ರಮವಿದೆಯೇ?

ಉತ್ತರ: ಇಲ್ಲ. ಇವೆರಡರ ನಳಿಗೆಯೂ ಒಳಗೆ ನುಣುಪಾಗಿದ್ದು ರೈಫ್ಲಿಂಗ್ ಇರುವುದಿಲ್ಲ. ತಾಮ್ರದ ಕವಚದ ಗುಂಡೂ ಇವುಗಳಲ್ಲಿ ಹಾಯುವುದಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತಾದರೂ, ಅದು ಶಿಕಾರಿಗೆ ಕೊಟ್ಟ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ. ಕೇಪಿನ ಕೋವಿಗೆ ಬೇಕಾದದ್ದು ಬೇರೆ ಬಗೆಯ ಆರೈಕೆ. ಕರಿಮದ್ದಿನ ಮಸಿ ತೇವವನ್ನು ಹೀರಿ ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತದೆಯಾದ್ದರಿಂದ, ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಂದು ತೆಂಗಿನಕಾಯಿಗೆ ಒಂದೇ ಈಡು ಹೊಡೆದಿದ್ದರೂ, ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಅಂದೇ ಸಂಜೆ ಬಿಸಿನೀರು, ಸಾಬೂನಿನಿಂದ ನಳಿಗೆ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿಡಿ.