ಅವನು ಹೆಂಡತಿಗೆ ಯಾಕೆ ಹೇಳಲಿಲ್ಲ?

ಹೋದ ಸಂಚಿಕೆಯಲ್ಲಿ ನಿಮ್ಮ ಮುಂದೆ ಒಂದು ಕಥೆಯ ಶುರುವನ್ನಷ್ಟೇ ಇಟ್ಟಿದ್ದೆ. ದಾವಣಗೆರೆ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯ ಒಬ್ಬ ಗುಮಾಸ್ತ. ವಸೂಲಿಗೆ ಅಂತ ಚಿತ್ರದುರ್ಗಕ್ಕೆ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬರುತ್ತಾನೆ. ನಿಟುವಳ್ಳಿಯ ಮನೆಯಲ್ಲಿ ಊಟದ ಡಬ್ಬಿ ತೆಗೆಯೋಕೆ ಬಟ್ಟೆ ಚೀಲ ಬಿಚ್ಚಿದರೆ ಡಬ್ಬಿ ಇಲ್ಲ. ಒಂದು ಕೋಟಿ ರೂಪಾಯಿ, ಜೊತೆಗೆ ರಿಂಗ್ ಆಗ್ತಿರುವ ಯಾರದೋ ಫೋನು. ಚೀಲವನ್ನು ಅಟ್ಟಕ್ಕೆ ತಳ್ಳಿ, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂರುತ್ತಾನೆ. ಹೆಂಡತಿಗೆ ಹೇಳುವುದಿಲ್ಲ. ಮುಂದೇನು, ಇಂಥ ಕಥೆಯನ್ನು ನೀವು ಯಾಕೆ ಓದುತ್ತೀರಿ ಅಂತ ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ನನ್ನನ್ನೇ ಬೈದಿವೆ. ಇರಲಿ, ಬೈಗುಳದಿಂದಲೇ ಶುರು ಮಾಡೋಣ.

ಪ್ರಶ್ನೆ: ನಿಮ್ಮ ಗುಮಾಸ್ತನಿಗೆ ಮದುವೆಯಾಗಿ ಎಷ್ಟು ವರ್ಷವಾಯ್ತು? ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು ಬಂದಿದ್ದರೂ ಚಪ್ಪಲಿ ಬಿಡುವಾಗಲೇ ನನಗೆ ಗೊತ್ತಾಗುತ್ತೆ. ಒಂದು ಕೋಟಿ ಅಟ್ಟದ ಮೇಲಿಟ್ಟವನು ಸುಮ್ನೆ ಕೂತು ಅನ್ನ ಸಾರು ಉಂಡನಂತೆ, ಹೆಂಡತಿ ಏನೂ ಕೇಳದೆ ಬಡಿಸಿದಳಂತೆ. ಥ್ರಿಲ್ಲರ್ ಬರೆಯುವವರ ಮನೆಯಲ್ಲಿ ಹೆಂಡತಿಯರಿಗೆ ಮೂಗೂ ಇಲ್ವಾ, ಕಣ್ಣೂ ಇಲ್ವಾ?
— ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಒಪ್ಪಿದೆ ಮೇಡಂ, ತಪ್ಪು ನನ್ನದೇ. ನಿಮ್ಮ ಪತ್ರ ಓದಿದ ಮೇಲೆ ಆ ದೃಶ್ಯವನ್ನು ಮತ್ತೆ ಬರೆದು ನೋಡಿದೆ. ಅವಳು ಕೇಳುವ ಮೊದಲ ಪ್ರಶ್ನೆ "ಯಾಕ್ರೀ ಮುಖ ಹಿಂಗಾಗಿದೆ" ಅಂತ ಅಲ್ಲ. "ಡಬ್ಬಿ ಎಲ್ರೀ?" ಅಂತ. ಪಾತ್ರೆ ತೊಳೆಯಲು ಕೂತವಳಿಗೆ ಬೇಕಾದ್ದು ಡಬ್ಬಿ, ಅದೂ ತವರಿನವರು ಕೊಟ್ಟ ಸ್ಟೀಲ್ ಡಬ್ಬಿ. ಅವನು ತುತ್ತು ನುಂಗಿ, "ಅಂಗಡೀಲೇ ಮರೆತು ಬಂದೆ" ಅನ್ನುತ್ತಾನೆ.

ನನ್ನ ಲೆಕ್ಕದಲ್ಲಿ ಕಥೆ ಶುರುವಾಗೋದು ಇಲ್ಲಿ. ದುಡ್ಡು ಸಿಕ್ಕಿದ್ದು ಬರೀ ಅಪಘಾತ, ಅದರಲ್ಲಿ ಅವನ ಪಾಲು ಏನೂ ಇಲ್ಲ. ಡಬ್ಬಿಯ ಸುಳ್ಳು ಮಾತ್ರ ಅವನದೇ. ಆ ಸುಳ್ಳನ್ನು ಉಳಿಸಿಕೊಳ್ಳೋಕೆ ನಾಳೆ ಅಂಥದ್ದೇ ಡಬ್ಬಿ ಹುಡುಕಬೇಕು. ಪಾತ್ರೆ ಅಂಗಡಿಯಲ್ಲಿ ಡಬ್ಬಿ ಸಿಗಬಹುದು, ಆದರೆ ಮುಚ್ಚಳದ ಮೇಲೆ ಕೊರೆಸಿದ ಅವಳ ಹೆಸರು, ಊರು, ಮದುವೆ ತಾರೀಖು? ಅದನ್ನೂ ಕೊರೆಸಬೇಕು. ಕೊರೆಯುವ ಮಷಿನ್ ಗಿರ್ ಅನ್ನುತ್ತಿರುವಾಗ ಅವನಿಗೆ ಹೊಳೆಯುತ್ತದೆ: ಹೆಸರು, ಊರು ಎಲ್ಲ ಇರುವ ಅಸಲಿ ಡಬ್ಬಿ ಈಗ ಯಾರ ಕೈಯಲ್ಲಿದೆ? ಚೀಲ ಅದಲು ಬದಲಾಗಿದೆ ಅಂದಮೇಲೆ ಆ ಕಡೆಯವರ ಹತ್ತಿರ ಇವನ ವಿಳಾಸವೇ ಇದ್ದ ಹಾಗಾಯ್ತಲ್ಲ.

ಇಷ್ಟೂ ನಿಮ್ಮ ಮಿರ್ಚಿ ವಾಸನೆಯಿಂದ ಹುಟ್ಟಿದ್ದು.

ಪ್ರಶ್ನೆ: ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಊಟದ ಡಬ್ಬಿಯ ಬಟ್ಟೆ ಚೀಲದಲ್ಲಿ ಒಂದು ಕೋಟಿ ಹಿಡಿಸಿದ್ದು ಹೇಗೆ, ದಯವಿಟ್ಟು ತಿಳಿಸಿ.
— ಹಿರಿಯೂರು

ಉತ್ತರ: ಸರ್, ಸಿಕ್ಕಿಬಿದ್ದೆ. ಲೆಕ್ಕ ಹಾಕಿದೆ. 2,000ದ ನೋಟನ್ನು 2023ರಲ್ಲಿ ಚಲಾವಣೆಯಿಂದ ವಾಪಸ್ ಪಡೆಯಲು ಶುರು ಮಾಡಿದ ಮೇಲೆ ನಮಗೆ ಉಳಿದ ದೊಡ್ಡ ನೋಟು 500ರದ್ದು. ನೂರು ನೋಟಿನ ಒಂದು ಕಟ್ಟು ಅಂದರೆ 50,000. ಒಂದು ಕೋಟಿಗೆ 200 ಕಟ್ಟು, ಅಂದರೆ 20,000 ನೋಟು. ಒಂದು ನೋಟು ಹತ್ತಿರ ಹತ್ತಿರ ಒಂದು ಗ್ರಾಂ ತೂಗಿದರೂ 20 ಕೆಜಿ ಆಯ್ತು. ನೋಟಿನ ಅಳತೆ 66 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದ. ಜೋಡಿಸಿದರೆ ಹೆಚ್ಚು ಕಡಿಮೆ 25 ಕೆಜಿ ಅಕ್ಕಿ ಚೀಲದ ಗಾತ್ರ ಬೇಕು. ಅಷ್ಟು ಭಾರ ಹೊತ್ತು ಬಸ್ಸಿಂದ ಇಳಿದವನಿಗೆ ಇದು ನನ್ನ ಚೀಲ ಅಲ್ಲ ಅಂತ ಗೊತ್ತಾಗದಿದ್ದರೆ ಅವನು ಗುಮಾಸ್ತಿಕೆಗೇ ಲಾಯಕ್ಕಿಲ್ಲ.

ಆದ್ದರಿಂದ ಹತ್ತು ಲಕ್ಷಕ್ಕೆ ಇಳಿಸಿದ್ದೇನೆ. ಇಪ್ಪತ್ತು ಕಟ್ಟು, ಎರಡು ಕೆಜಿ. ತುಂಬಿದ ಡಬ್ಬಿಯ ತೂಕವೂ ಅಷ್ಟೇ ಇರುತ್ತೆ. (ಎರಡು ಕೆಜಿ ಮಂಡಕ್ಕಿ ಆಗಿದ್ದರೆ ಗೋಣಿಚೀಲ ಬೇಕಾಗ್ತಿತ್ತು ಅನ್ನೋದು ದಾವಣಗೆರೆಯವರಿಗೆ ಹೇಳಬೇಕಿಲ್ಲ.) ಇಳಿಸಿದ್ದರಿಂದ ಕಥೆಗೆ ಒಳ್ಳೆಯದೇ ಆಯ್ತು. ಕೋಟಿ ಕಂಡವನು ಹೆದರಿ ಓಡುತ್ತಾನೆ. ಹತ್ತು ಲಕ್ಷ ಕಂಡವನು ಮಗಳ ಫೀಸು, ಸೊಸೈಟಿ ಸಾಲ, ಅಪ್ಪನ ಕಣ್ಣಿನ ಆಪರೇಷನ್ ಅಂತ ಬೆರಳು ಮಡಚೋಕೆ ಶುರು ಮಾಡುತ್ತಾನೆ.

ಪ್ರಶ್ನೆ: ಕ್ಲೈಮ್ಯಾಕ್ಸ್ ನಮ್ಮ ದುರ್ಗದ ಕೋಟೆಯಲ್ಲಿ ಇಡಿ ಸರ್. ಅಮಾವಾಸ್ಯೆ ರಾತ್ರಿ, ಓಬವ್ವನ ಕಿಂಡಿ, ಗುಮಾಸ್ತ ಒಬ್ಬನೇ, ಆ ಕಡೆ ಆರು ಜನ. ಹೊಡೆದು ಹಾಕಬೇಕು.
— ಪದವಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಆ ಕಿಂಡಿಯಲ್ಲಿ ಹೊಡೆದು ಹಾಕಿದವಳು ಒಬ್ಬಳೇ, ಅವಳ ಕೈಯಲ್ಲಿ ಒನಕೆ ಇತ್ತು. ನಮ್ಮ ಗುಮಾಸ್ತನ ಕೈಯಲ್ಲಿ ಬಾಲ್ ಪೆನ್ ಇದೆ. ಮೇಲಾಗಿ ಕೋಟೆ ಇರುವುದು ಪುರಾತತ್ವ ಇಲಾಖೆಯ ಕೈಯಲ್ಲಿ, ಟಿಕೆಟ್ ಕೊಂಡು ಒಳಗೆ ಹೋಗಬೇಕು, ಸಂಜೆ ಬಾಗಿಲು ಹಾಕುತ್ತಾರೆ. ಅಮಾವಾಸ್ಯೆ ರಾತ್ರಿ ಅವನು ಒಳಗೆ ಹೋದದ್ದಾದರೂ ಹೇಗೆ ಅಂತ ನೀನೇ ನನಗೆ ಪತ್ರ ಬರೆಯುತ್ತೀಯ. ಹೆದ್ದಾರಿ 48ರ ಸರ್ವಿಸ್ ರಸ್ತೆ ಸಾಕು. ಮಧ್ಯಾಹ್ನ ಮೂರು ಗಂಟೆ, ಬಿಸಿಲು, ಟೀ ಅಂಗಡಿ, ನಿಂತ ಹತ್ತು ಲಾರಿ. ಜನ ಇದ್ದೂ ಯಾರೂ ಇವನ ಕಡೆ ತಿರುಗಿ ನೋಡಲ್ಲ. ನನಗೆ ಭಯ ಆಗೋದು ಅಲ್ಲಿ.

ಪ್ರಶ್ನೆ: ನಾನು ವಕೀಲರ ಕೈಕೆಳಗೆ ಜೂನಿಯರ್. ಕನ್ನಡ ಕ್ರೈಂ ಕಥೆಗಳಲ್ಲಿ ಇನ್ಸ್‌ಪೆಕ್ಟರ್ ಇವತ್ತಿಗೂ "302 ಹಾಕ್ತೀನಿ" ಅನ್ನುತ್ತಾನೆ, ಹೀರೋನನ್ನು ಮೂರು ದಿನ ಲಾಕಪ್ಪಿನಲ್ಲಿ ಇಡುತ್ತಾನೆ, ಹೊಡೆದು ಒಪ್ಪಿಸಿದ ತಕ್ಷಣ ಕೇಸು ಮುಗಿಯುತ್ತದೆ. ಓದೋಕೆ ಬೇಜಾರು. ಅಂದಹಾಗೆ ನಿಮ್ಮ ಗುಮಾಸ್ತ ಮಾಡಿದ್ದು ಯಾವ ಅಪರಾಧ?
— ಹರಿಹರ

ಉತ್ತರ: 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ ಕಲಂ 103. ಆ ತಾರೀಖಿನ ಹಿಂದಿನ ಕೊಲೆಗೆ 302 ಇನ್ನೂ ನಡೆಯುತ್ತದೆ. ಬಾಯಿರೂಢಿಯಿಂದ ಇನ್ಸ್‌ಪೆಕ್ಟರ್ 302 ಅಂದರೆ ನಾನು ಬಿಟ್ಟುಬಿಡ್ತೀನಿ, ಎಫ್‌ಐಆರ್‌ನಲ್ಲಿ ಹಾಗೆ ಬರೆದರೆ ಬಿಡಲ್ಲ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಮೂರು ದಿನದ ಲಾಕಪ್ಪು ಆಗದ ಮಾತು. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಪ್ರಯಾಣದ ಸಮಯ ಬಿಟ್ಟು. ನಿಲ್ಲಿಸದಿದ್ದರೆ ಆ ಪೊಲೀಸರೂ ಕಾನೂನು ಮುರಿದರು ಅನ್ನೋದು ಕಥೆಗಾರನಿಗೆ ಗೊತ್ತಿರಬೇಕು.

ತಪ್ಪೊಪ್ಪಿಗೆಯದು ಸ್ವಾರಸ್ಯ ಇದೆ. ಪೊಲೀಸರ ಮುಂದೆ "ನಾನೇ ಮಾಡಿದೆ" ಅಂದದ್ದು ಕೋರ್ಟಿನಲ್ಲಿ ಅವನ ವಿರುದ್ಧ ನಿಲ್ಲುವುದಿಲ್ಲ. ಆದರೆ ಕಸ್ಟಡಿಯಲ್ಲಿರುವಾಗ ಅವನು ಹೇಳಿದ ಮಾತಿನಿಂದ ಒಂದು ವಸ್ತು ಸಿಕ್ಕರೆ, ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತು ನಿಲ್ಲುತ್ತದೆ. "ಚೀಲ ನಮ್ಮ ಮನೆ ಅಟ್ಟದ ಮೇಲಿದೆ ಸಾರ್" ಅನ್ನುವ ಒಂದು ಸಾಲು ಇದೆಯಲ್ಲ, ಇಡೀ ಕಾದಂಬರಿಯಲ್ಲಿ ಅವನ ಕುತ್ತಿಗೆಗೆ ಬರುವ ಸಾಲು ಅದೊಂದೇ.

ಅವನ ಅಪರಾಧ ಅಂದಿರಿ. ದಾರಿಯಲ್ಲಿ ಸಿಕ್ಕ ವಸ್ತುವನ್ನು ಯಜಮಾನನಿಗೆ ಮುಟ್ಟಿಸಲು ಎತ್ತಿಟ್ಟರೆ ತಪ್ಪಲ್ಲ. ಯಾರದು ಅಂತ ತಿಳಿಯುವ ದಾರಿ ಇದ್ದೂ ಸ್ವಂತಕ್ಕೆ ಬಳಸಿದರೆ ಕಲಂ 314. ಚೀಲದಲ್ಲಿ ಫೋನು ರಿಂಗ್ ಆಗ್ತಾ ಇತ್ತು, ಅಂದರೆ ದಾರಿ ಇತ್ತು. ಮೊದಲ ರಾತ್ರಿ ಅವನು ಬರೀ ಹೆದರಿದವನು. ಯಾವತ್ತು ಒಂದು ಕಟ್ಟು ಬಿಚ್ಚಿ ಮಗಳ ಫೀಸು ಕಟ್ಟಿದನೋ ಅವತ್ತು ಗೆರೆ ದಾಟಿದ. ಕಾನೂನು ಗೆರೆ ಎಳೆಯೋದು ಫೀಸಿನ ಹತ್ತಿರ, ನಾನು ಎಳೆಯೋದು ಡಬ್ಬಿಯ ಹತ್ತಿರ, ವ್ಯತ್ಯಾಸ ಅಷ್ಟೇ.

ಪ್ರಶ್ನೆ: ನಮ್ಮ ಕಾಲದ ಪತ್ತೇದಾರಿ ಕಾದಂಬರಿಯೇ ಚೆನ್ನಾಗಿತ್ತು. ಕೊಲೆ ಆಯ್ತು, ಪತ್ತೇದಾರ ಬಂದ, ಕಂಡುಹಿಡಿದ. ಈ ಪಾಪದ ಮನುಷ್ಯನನ್ನು ಹಿಡಿದು ಗೋಳಾಡಿಸುವ ಕಥೆ ಯಾವಾಗಿಂದ ಬಂತು?
— 74 ವರ್ಷದ ಓದುಗ, ಹೊನ್ನಾಳಿ

ಉತ್ತರ: ಯಜಮಾನರೇ, ಮಂಡಿಪೇಟೆ ಹತ್ತಿರ ನಾನು ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನಮ್ಮಲ್ಲಿ ಒಂದು ರಾತ್ರಿಗಿಂತ ಜಾಸ್ತಿ ಹೊತ್ತು ಶೆಲ್ಫಿನಲ್ಲಿ ಕೂತವನೇ ಅಲ್ಲ. ಮಿಲ್ಲಿನ ಸೆಕೆಂಡ್ ಶಿಫ್ಟ್ ಮುಗಿಸಿದವರು ಬಾಗಿಲು ತಟ್ಟಿ ಒಯ್ಯುತ್ತಿದ್ದರು. ಪುಸ್ತಕ ವಾಪಸ್ ಬಂದಾಗ ನಾನು ಒಂದು ಗಮನಿಸುತ್ತಿದ್ದೆ. ಪತ್ತೇದಾರಿ ಪುಸ್ತಕದಲ್ಲಿ ಕೊಳೆಯಾಗುತ್ತಿದ್ದದ್ದು ಕೊನೆಯ ಹತ್ತು ಪುಟ, ಕೆಲವರು ಕೊನೆ ಹಾಳೆ ಹರಿದೂ ಇಟ್ಟುಕೊಳ್ಳುತ್ತಿದ್ದರು, ಒಬ್ಬ ಪುಣ್ಯಾತ್ಮ ಮೊದಲ ಪುಟದಲ್ಲೇ ಪೆನ್ಸಿಲ್ಲಿನಲ್ಲಿ "ಕೊಂದವನು ಡ್ರೈವರ್" ಅಂತ ಬರೆದು ಕೊಡುತ್ತಿದ್ದ. ಸಾಮಾನ್ಯ ಮನುಷ್ಯ ಸಿಕ್ಕಿಹಾಕಿಕೊಳ್ಳುವ ಕಥೆಯಲ್ಲಿ ಸವೆಯುತ್ತಿದ್ದದ್ದು ನಡುವಿನ ಪುಟಗಳು. ಎಣ್ಣೆ ಕಲೆ, ಬಾಳೆಹಣ್ಣಿನ ಕಲೆ, ಮಡಚಿದ ಮೂಲೆ ಎಲ್ಲ ಅಲ್ಲೇ. ಜನ ಅಲ್ಲಿ ನಿಂತು, ಹಿಂದಕ್ಕೆ ತಿರುಗಿಸಿ, ನಾನಾಗಿದ್ದರೆ ಏನು ಮಾಡ್ತಿದ್ದೆ ಅಂತ ನೋಡುತ್ತಿದ್ದರು ಅಂತ ನನ್ನ ಊಹೆ. ಪತ್ತೇದಾರ ನಾವಲ್ಲ, ಅವನು ಗೆಲ್ತಾನೆ ಅಂತ ಗೊತ್ತು. ಗುಮಾಸ್ತ ನಾವೇ, ಅಲ್ವಾ?

ಯಾವಾಗಿಂದ ಅಂದರೆ ಬಹಳ ಹಳೆಯದು. ಸ್ಕಾಟ್ಲೆಂಡಿನ ಜಾನ್ ಬಕನ್ ಹೊಟ್ಟೆಹುಣ್ಣಿನಿಂದ ಹಾಸಿಗೆ ಹಿಡಿದಿದ್ದಾಗ ಬರೆದ ಇಂಥ ಒಂದು ಕಾದಂಬರಿ 1915ರಲ್ಲೇ ಬಂದಿದೆ, 1935ರಲ್ಲಿ ಹಿಚ್‌ಕಾಕ್ ಅದನ್ನು ಸಿನಿಮಾ ಮಾಡಿದ. ಅದರ ನಾಯಕ ಆಫ್ರಿಕಾದಿಂದ ಲಂಡನ್ನಿಗೆ ಬಂದ ಗಣಿ ಎಂಜಿನಿಯರ್, ಮಾಡೋಕೆ ಕೆಲಸವಿಲ್ಲದೆ ಬೇಸರದಲ್ಲಿರುವವನು. ಹೆಣ ಬೀಳೋದು ಅವನದೇ ಮನೆಯಲ್ಲಿ. ಪೊಲೀಸರ ಹತ್ತಿರ ಹೋದರೆ ಮೊದಲು ಹಿಡಿಯೋದು ಅವನನ್ನೇ! ನೋಡಿ, ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ ಅನ್ನುವ ಪ್ರಶ್ನೆಯನ್ನು ಆ ಲೇಖಕ ಒಂದೇ ಏಟಿಗೆ ಮುಗಿಸಿದ. ನಾವು ಇನ್ನೂ ಡಬ್ಬಿ ಹುಡುಕುತ್ತಿದ್ದೇವೆ.

ಪ್ರಶ್ನೆ: ಸರ್, ನಾನು ಇಪ್ಪತ್ತು ವರ್ಷದಿಂದ ದಲ್ಲಾಳಿ ಅಂಗಡಿಯಲ್ಲೇ ಲೆಕ್ಕ ಬರೆಯುತ್ತಿದ್ದೇನೆ. ಕಥೆಯಲ್ಲಿ ಗುಮಾಸ್ತ ಅಂದರೆ ಕನ್ನಡಕ, ಹೆದರಿಕೆ, ಕೆಮ್ಮು. ಅವನಿಗೆ ಒಂದು ವಿದ್ಯೆಯೂ ಇಲ್ವಾ? ಕೊನೆಗೆ ಯಾಕೆ ಯಾವನೋ ಎಸ್‌ಪಿ ಬಂದು ಅವನನ್ನು ಕಾಪಾಡಬೇಕು?
— ದಾವಣಗೆರೆ

ಉತ್ತರ: ಈ ಪತ್ರಕ್ಕೆ ನಾನು ಕಾಯುತ್ತಿದ್ದೆ. ಇವರು ಜೊತೆಗೆ ಬರೆದು ಕಳಿಸಿದ ಒಂದು ವಿಷಯವನ್ನು ಎತ್ತಿ ನೇರ ಕಥೆಗೆ ಹಾಕಿಕೊಂಡಿದ್ದೇನೆ. ಮೆಕ್ಕೆಜೋಳದ ಲಾರಿ ವೇ ಬ್ರಿಡ್ಜ್ (ಲಾರಿ ತೂಗುವ ಕಾಟಾ) ಹತ್ತಿದಾಗ ಚೀಟಿಯಲ್ಲಿ ಎರಡು ತೂಕ ಬರುತ್ತದೆ, ತುಂಬಿದ ಲಾರಿಯದು, ಖಾಲಿ ಲಾರಿಯದು. ಖಾಲಿ ಲಾರಿಯ ತೂಕ ಎರಡು ದಿನ ಒಂದೇ ಇರುವುದು ಅಪರೂಪ. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ, ಟಾರ್ಪಾಲು ಒದ್ದೆಯಾಗಿದೆಯಾ, ಕ್ಲೀನರ್ ಇಳಿದನಾ, ಮೇಲೇ ಮಲಗಿದ್ದನಾ, ಇದರ ಮೇಲೆ ಹತ್ತಿಪ್ಪತ್ತು ಕೆಜಿ ಆಚೀಚೆ ಆಗೇ ಆಗುತ್ತೆ.

ಈಗ ನಮ್ಮವನ ಚೀಲದಲ್ಲಿ ದುಡ್ಡಿನ ಕೆಳಗೆ ಒಂದು ಕಟ್ಟು ತೂಕದ ಚೀಟಿ ಇವೆ ಅಂದುಕೊಳ್ಳಿ. ಬೇರೆ ಯಾರು ನೋಡಿದರೂ ಕಸ. ಇವನು ರಾತ್ರಿ ನಿದ್ದೆ ಬಾರದೆ ಅಟ್ಟ ಹತ್ತಿ, ಟಾರ್ಚ್ ಬೆಳಕಲ್ಲಿ ಒಂದೊಂದೇ ತಿರುವಿ ಹಾಕುತ್ತಾನೆ. ಹನ್ನೊಂದು ಚೀಟಿ, ಒಂದೇ ಲಾರಿ ನಂಬರು, ಹನ್ನೊಂದು ಬೇರೆ ಬೇರೆ ತಾರೀಖು, ಖಾಲಿ ಲಾರಿಯ ತೂಕ ಮಾತ್ರ ಹನ್ನೊಂದರಲ್ಲೂ ಒಂದೇ. ಅಂದರೆ ಆ ಲಾರಿ ಬ್ರಿಡ್ಜ್ ಹತ್ತಿಯೇ ಇಲ್ಲ. ಜೋಳವೇ ಇಲ್ಲದ ವ್ಯಾಪಾರ. ಮೂವತ್ತು ಸೆಕೆಂಡಿನಲ್ಲಿ ಅವನಿಗೆ ಗೊತ್ತಾಗುವ ಈ ಸಂಗತಿ ಪೊಲೀಸರಿಗೆ ಗೊತ್ತಾಗೋಕೆ ಮೂರು ವಾರ ಬೇಕು. ಅವನು ಈಗ ಬರೀ ಹೆದರಿದವನಲ್ಲ, ಅವರಿಗೂ ಭಯ ಹುಟ್ಟಿಸಬಲ್ಲವನು. ಒಂದೇಟು ಹೊಡೆಯದೆ. ಕನ್ನಡಕ ಮಾತ್ರ ಇರಲಿ ಸರ್, ಟಾರ್ಚ್ ಬೆಳಕಲ್ಲಿ ಚೀಟಿ ಓದಬೇಕಲ್ಲ.

ಪ್ರಶ್ನೆ: ಕೊನೆಗೆ ಆ ದುಡ್ಡು ಅವನಿಗೇ ಸಿಗಬೇಕು, ಪ್ಲೀಸ್.
— ಜಗಳೂರು

ಉತ್ತರ: ಡಬ್ಬಿ ಸಿಗುತ್ತೆ.

ಪ್ರಶ್ನೆ: ಇದು ಕಥೆಯಲ್ಲ. ನನ್ನ ತಮ್ಮ ಐದು ಸಾವಿರಕ್ಕೆ ತನ್ನ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಪರಿಚಯದವನೊಬ್ಬನಿಗೆ ಕೊಟ್ಟಿದ್ದಾನೆ. ಮನೆಯಲ್ಲಿ ಕಾರ್ಡ್ ಕಳೆದುಹೋಯ್ತು ಅಂದಿದ್ದ. ಈಗ ಖಾತೆ ಫ್ರೀಜ್ ಆಗಿದೆ, ಬೇರೆ ರಾಜ್ಯದ ಪೊಲೀಸರಿಂದ ನೋಟಿಸ್ ಬಂದಿದೆ. ಅವನು ಫೋನ್ ಆಫ್ ಮಾಡಿ ಕೂತಿದ್ದಾನೆ. ನಿಮ್ಮ ಗುಮಾಸ್ತನ ಕಥೆ ಓದಿ ಬರೆಯೋಣ ಅನ್ನಿಸಿತು.
— ಚಳ್ಳಕೆರೆ

ಉತ್ತರ: ಅಣ್ಣ, ಇದನ್ನು ಮೊದಲೇ ಹಾಕಬೇಕಿತ್ತು, ಬಂದದ್ದು ಕೊನೆಗೆ. ಸೈಬರ್ ವಂಚನೆಯ ದುಡ್ಡು ದಾಟಿಸೋಕೆ ಇಂಥ ಖಾತೆಗಳನ್ನೇ ಬಳಸುತ್ತಾರೆ. ಮೋಸ ಹೋದವರು 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಾಗ ದುಡ್ಡಿನ ಜಾಡು ಹಿಡಿದು ಬರುವ ಪೊಲೀಸರಿಗೆ ಸಿಗುವ ಹೆಸರು ಖಾತೆದಾರನದು, ದುಡ್ಡು ತಿಂದವನದಲ್ಲ. ನೋಟಿಸಿಗೆ ಉತ್ತರ ಕೊಡದೆ ಕೂರಬೇಡಿ. ಅದು ಹಾಜರಾಗಲು ಕೊಟ್ಟ ನೋಟಿಸಾದರೆ, ಹೇಳಿದಂತೆ ಹಾಜರಾಗಿ ಸಹಕರಿಸುವವನನ್ನು ಸಾಮಾನ್ಯವಾಗಿ ಬಂಧಿಸುವುದಿಲ್ಲ, ತಪ್ಪಿಸಿಕೊಂಡವನಿಗೆ ಆ ರಕ್ಷಣೆ ಇಲ್ಲ. ವಕೀಲರನ್ನು ಇವತ್ತೇ ನೋಡಿ. ಫೀಸಿನ ಚಿಂತೆಯಿದ್ದರೆ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ, ನಿಮ್ಮ ತಮ್ಮನಿಗೆ ಉಚಿತ ನೆರವು ಸಿಗುತ್ತದಾ ಅಂತ ಹೇಳುತ್ತಾರೆ. ಕಾರ್ಡ್ ಕಳೆದುಹೋಯ್ತು ಅಂತ ಮನೆಯಲ್ಲಿ ಹೇಳಿದ್ದನ್ನು ಅಲ್ಲೂ ಹೇಳೋದು ಬೇಡ, ಯಾರಿಗೆ ಕೊಟ್ಟ, ಎಷ್ಟಕ್ಕೆ ಕೊಟ್ಟ, ಎಲ್ಲ ಇದ್ದದ್ದು ಇದ್ದ ಹಾಗೆ ವಕೀಲರಿಗೆ ಹೇಳಲಿ. ಮತ್ತೆ ಒಂದು ಮಾತು, ಹೆದರಿಕೆಗೆ ಆ ಪರಿಚಯದವನ ಜೊತೆಗಿನ ವಾಟ್ಸಾಪ್ ಮೆಸೇಜನ್ನು ಡಿಲೀಟ್ ಮಾಡಿಬಿಟ್ಟಾನು. ಮಾಡೋಕೆ ಬಿಡಬೇಡಿ. ಫೋನನ್ನು ಹೇಗಿದೆಯೋ ಹಾಗೇ ತಗೊಂಡು ಹೋಗಿ.